ಶೇಖರಮ್ಮ ಗೋಡೆ ಹಿಂದಕ್ಕೆ ಸರಿಸಿದ್ದು

ಸಿಂಧನೂರಿನಿಂದ ಮಸ್ಕಿಗೆ ಹೋಗುವ ರಸ್ತೆಯಲ್ಲಿ, ಅಕ್ಕಿ ಗಿರಣಿಗಳ ಸಾಲು ಮುಗಿದ ಮೇಲೆ, ಎಡಕ್ಕೆ ಹಿಲ್ ವ್ಯೂ ಎನ್ನುವ ಬಡಾವಣೆ ಇದೆ. ಆ ಹೆಸರಿಟ್ಟವರು ಯಾರೋ, ಅವರ ಕಣ್ಣಿಗೆ ದೊಡ್ಡ ನಮಸ್ಕಾರ. ಅಲ್ಲಿಯ ಅತಿ ಎತ್ತರದ ಮನೆಯ ನೀರಿನ ಟಾಕಿ ಹತ್ತಿ ನಿಂತರೂ ಸುತ್ತ ಕಾಣುವುದು ಭತ್ತದ ಗದ್ದೆ ಮಾತ್ರ. ಗುಡ್ಡ ನೋಡಬೇಕೆಂದರೆ ಮಸ್ಕಿಯ ಬಸ್ಸು ಹತ್ತಬೇಕು. ಆದರೂ ಊರಲ್ಲಿ ಯಾರಾದರೂ ‘ನಮ್ಮ ಮನಿ ಹಿಲ್ ವ್ಯೂದಾಗ ಐತಿ’ ಅಂದರೆ ಎದುರಿನವರು ಎದ್ದು ಕುರ್ಚಿ ಕೊಡುತ್ತಾರೆ. ಹೆಣ್ಣು ಕೊಡುವವರು ಹೊಲ ಎಷ್ಟಿದೆ ಎಂದು ಕೇಳುವುದನ್ನು ಬಿಟ್ಟು ಹಿಲ್ ವ್ಯೂದಲ್ಲಿ ಎಷ್ಟನೇ ಅಡ್ಡರಸ್ತೆ ಎಂದು ಕೇಳುತ್ತಾರೆ.

ಒಂದು ಬಡಾವಣೆಗೆ ಇಷ್ಟೊಂದು ಇಜ್ಜತ್ ಎಲ್ಲಿಂದ ಬರುತ್ತದೆ ಎನ್ನುವುದನ್ನು ಅಲ್ಲಿಯ ಸಂಘದ ಅಧ್ಯಕ್ಷ ಚನ್ನು ಸಾಹುಕಾರನ ಬಾಯಿಂದ ಕೇಳಬೇಕು. ಗಂಜ್ ಮಾರುಕಟ್ಟೆಯಲ್ಲಿ ಅವನದು ಭತ್ತದ ದಲಾಲಿಯ ಅಡತಿ ಅಂಗಡಿ. ಹೈದರಾಬಾದಿನ ಬೀಗರ ಮನೆಯಲ್ಲಿ ಕೆಲವು ದಿನ ಇದ್ದು ಬಂದಾಗಿನಿಂದ ಅವನಿಗೆ ದೊಡ್ಡಸ್ತಿಕೆಯ ಗುಟ್ಟು ತಿಳಿದುಬಿಟ್ಟಿತ್ತು. ಎತ್ತರದ ಗೋಡೆ, ಮುಚ್ಚಿದ ಗೇಟು, ಟೋಪಿ ಹಾಕಿದ ಕಾವಲುಗಾರ, ಇಂಗ್ಲಿಷಿನಲ್ಲಿ ಮನೆಯ ಹೆಸರು, ಇವೆಲ್ಲ ಇರಬೇಕು, ಸರಿ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಬೇರೆ. ‘ದೊಡ್ಡ ಮಂದಿ ಇರೋ ಕಡೆ ಮಂದಿ ಕಾಣಬಾರದು’ ಎಂದು ಅವನು ಸಂಘದ ಸಭೆಯಲ್ಲಿ ಹೇಳಿದಾಗ ಎಲ್ಲರೂ ತಲೆದೂಗಿದ್ದರು. ಅಂದಿನಿಂದ ಹಿಲ್ ವ್ಯೂದ ರಸ್ತೆಯಲ್ಲಿ ಮೆಣಸಿನಕಾಯಿ ಒಣಗಿಸುವುದು ನಿಂತಿತು, ಇಸ್ತ್ರಿಯ ಬಂಡಿ ಹೊರಗೆ ಹೋಯಿತು, ತರಕಾರಿಯವಳು ಕೂಗದೆ ಗೇಟಿನ ಗಂಟೆ ಒತ್ತುವುದನ್ನು ಕಲಿತಳು. ಸಂಜೆಯ ಹೊತ್ತು ಅಲ್ಲಿ ನಡೆದು ಹೋದರೆ ನಾಯಿ ಬೊಗಳುವುದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಚನ್ನುವಿಗೆ ಅದೇ ದೊಡ್ಡ ಹೆಮ್ಮೆ.

ಇಂಥ ಜಾಗಕ್ಕೆ ಜವಳಗೇರಾದ ಶೇಖರಮ್ಮ ಬಂದಳು.

ಬಂದಳು ಎನ್ನುವುದಕ್ಕಿಂತ ಮಗ ಕರೆತಂದ ಎನ್ನಬೇಕು. ಮಗ ಸಂಗನಬಸವನಿಗೆ ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ. ಹಿಲ್ ವ್ಯೂದಲ್ಲಿ ನಿವೇಶನ ಕೊಂಡು, ಎಂಜಿನಿಯರ್ ಕಡೆಯಿಂದ ನಕ್ಷೆ ಮಾಡಿಸಿ, ಅದನ್ನು ಅವ್ವನ ಮುಂದೆ ಹರವಿದ. ಅಡುಗೆಮನೆ ಆಗ್ನೇಯಕ್ಕಿತ್ತು, ದೇವರ ಕೋಣೆ ಈಶಾನ್ಯಕ್ಕಿತ್ತು, ವಾಸ್ತುವಿನಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಶೇಖರಮ್ಮ ಕನ್ನಡಕ ಏರಿಸಿ ಎಲ್ಲ ನೋಡಿ, ಕಟ್ಟೆ ಎಲ್ಲಿದೆ ಎಂದು ಕೇಳಿದಳು. ಎಂಜಿನಿಯರ್ ನಕ್ಕ. ಈಗ ಯಾರೂ ಮನೆಯ ಮುಂದೆ ಕಟ್ಟೆ ಕಟ್ಟಿಸುವುದಿಲ್ಲ, ಕಾಂಪೌಂಡ್ ಆಚೆಗೆ ರಸ್ತೆಯೇ ಇದೆ, ರಸ್ತೆಯಲ್ಲಿ ಕಟ್ಟಿದರೆ ನಗರಸಭೆಯವರು ಒಡೆಯುತ್ತಾರೆ ಎಂದ.

“ಹಂಗಾದ್ರ ಗ್ವಾಡಿ ಹಿಂದಕ್ಕ ಸರಿಸ್ರಿ,” ಎಂದಳು ಶೇಖರಮ್ಮ. “ನಮ್ಮ ಜಾಗಾದಾಗ ನಮ್ಮ ಕಟ್ಟಿ. ಯಾರು ಒಡೀತಾರ ನೋಡೋಣು.”

ಹಾಗೇ ಆಯಿತು. ಆ ಬಡಾವಣೆಯಲ್ಲಿ ಉಳಿದವರೆಲ್ಲ ಗೋಡೆಯನ್ನೂ ಕಾರು ಹತ್ತುವ ಇಳಿಜಾರನ್ನೂ ಹೂವಿನ ಕುಂಡಗಳನ್ನೂ ಸಿಕ್ಕಷ್ಟು ರಸ್ತೆಗೆ ತಳ್ಳಿ ಕೂತಿದ್ದರು. ಶೇಖರಮ್ಮ ಒಬ್ಬಳೇ ತನ್ನ ಗೋಡೆಯನ್ನು ಎರಡು ಮೊಳ ಒಳಕ್ಕೆ ಎಳೆಸಿದಳು. ಗೋಡೆಯ ಹೊರಗೆ, ಬೇವಿನ ಗಿಡದ ನೆರಳಿಗೆ, ಮೊಣಕಾಲೆತ್ತರದ ಕಟ್ಟೆ ಎದ್ದಿತು. ಅದರ ಮೇಲೆ ಹಾಸಲು ಜವಳಗೇರಾದಲ್ಲಿ ಕೆಡವಿದ ಹಳೆ ಮನೆಯ ಕಟ್ಟೆಯ ಪರಸಿಯನ್ನೇ ಟ್ರ್ಯಾಕ್ಟರಿನಲ್ಲಿ ತರಿಸಿದಳು. ತಲೆಮಾರುಗಳ ಮಂದಿ ಕೂತು ಕೂತು ನುಣುಪಾದ ಕಲ್ಲು ಅದು. ಕಟ್ಟೆ ಕಟ್ಟಿದ ಗವಂಡಿ ರಾಜೇಸಾಬ್ ಅದನ್ನು ಹಾಸಿ, ಕೈಯಾಡಿಸಿ ನೋಡಿ, ಇದಕ್ಕೆ ಪಾಲಿಶ್ ಬೇಕಾಗಿಲ್ಲ ಅಂದ.

ಸೊಸೆ ಶೈಲಜಾಳ ಮುಖ ದುಮ್ಮೆಂದಿತು. ಗ್ರಾನೈಟಿನ ಹೊಸ ಮನೆಯ ಮುಂದೆ ಹಳ್ಳಿಯ ಕಲ್ಲು ನೋಡಿ ಗೆಳತಿಯರು ಏನಂದಾರು ಎನ್ನುವುದು ಅವಳ ಚಿಂತೆ. ಆದರೆ ಅತ್ತೆ ಹಟ ಹಿಡಿದರೆ ಬಿಡಿಸುವುದು ಮಾವನ ಕೈಯಲ್ಲೂ ಆಗಿರಲಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಈ ಕಟ್ಟೆಯ ಹಟ ಮಾವನ ಸಲುವಾಗಿಯೇ ಹುಟ್ಟಿದ್ದು ಎನ್ನುವುದೂ ಗೊತ್ತಿತ್ತು, ಅದಕ್ಕೇ ಸುಮ್ಮನಿದ್ದಳು.

ಮಾವ ಬಸವಂತರಾಯ ತೀರಿಕೊಂಡದ್ದು ಸಿಂಧನೂರಿನ ಒಂದು ಬಾಡಿಗೆ ಮನೆಯ ಮೇಲಿನ ಮಹಡಿಯಲ್ಲಿ. ಜವಳಗೇರಾದ ಮನೆ ಪಾಲಿನಲ್ಲಿ ಅವನ ತಮ್ಮನಿಗೆ ಹೋಗಿತ್ತು, ತಮ್ಮ ಅದನ್ನು ಕೆಡವಿ ಹೊಸ ಮನೆಗೆ ಅಡಿಪಾಯ ತೋಡಿಸುತ್ತಿದ್ದ. ಲಿಂಗ ಕಟ್ಟುವ ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಬಳಿದು, ಮನೆಯ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಸತ್ತವರು ಕುಳಿತೇ ಬಂದ ಮಂದಿಗೆ ಮುಖ ತೋರಿಸಿ, ಕುಳಿತೇ ಭಜನೆ ಕೇಳಿ, ಕುಳಿತೇ ಮಣ್ಣಿಗೆ ಹೋಗುತ್ತಾರೆ. ಬಸವಂತರಾಯನಿಗೆ ಕೂಡಲು ಜಾಗವಿರಲಿಲ್ಲ. ಮನೆಯ ಮಾಲಕ, ಮೇಲೆ ಮಂದಿ ಹತ್ತಿ ಇಳಿದರೆ ಮೆಟ್ಟಿಲು ಹಾಳಾಗುತ್ತದೆ, ಕೆಳಗೆ ಕಾರಿನ ಪಕ್ಕ ಕೂಡಿಸಿಕೊಳ್ಳಿ ಎಂದ. ಶಾಮಿಯಾನದವನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದರು. ಜಾರದಂತೆ ಸಂಗನಬಸವ ಅಪ್ಪನ ಧೋತರದಿಂದಲೇ ಅಪ್ಪನನ್ನು ಕುರ್ಚಿಗೆ ಕಟ್ಟಿದ. ಆದರೂ ತಲೆ ನಿಲ್ಲಲಿಲ್ಲ, ಮತ್ತೆ ಮತ್ತೆ ಒಂದು ಕಡೆ ವಾಲುತ್ತಿತ್ತು. ಶೇಖರಮ್ಮ ಹಿಂದೆ ನಿಂತು, ಬಂದವರೆಲ್ಲ ನೋಡಿ ಹೋಗುವ ತನಕ, ಅಂಗೈಯಲ್ಲಿ ಆ ತಲೆಯನ್ನು ಹಿಡಿದೇ ಇದ್ದಳು. ಊರಿಗೆ ಊರೇ ‘ಗೌಡ್ರ’ ಎಂದು ಎದ್ದು ನಿಲ್ಲುತ್ತಿದ್ದ ಮನುಷ್ಯನನ್ನು ಕಾರಿನ ಪಕ್ಕ ಕಟ್ಟಿ ಕೂಡಿಸಿದ್ದರಿಂದ ಅವಳಿಗೆ ಬಹಳ ನೋವಾಯಿತು. ಅಳು ಬರಲಿಲ್ಲ, ಸಿಟ್ಟು ಬಂತು, ಆ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಮನೆಯಲ್ಲಿ ಇನ್ನೊಬ್ಬರಿಗೆ ಹೀಗಾಗಬಾರದು ಎಂದು ಅವಳು ಅಂದೇ ತೀರ್ಮಾನ ಮಾಡಿದಳು.

ಇದನ್ನೆಲ್ಲ ಹಿಲ್ ವ್ಯೂದವರಿಗೆ ಅವಳು ಹೇಳಲು ಹೋಗಲಿಲ್ಲ. ಕಟ್ಟೆ ಅಂದ ಮೇಲೆ ಅದು ಸತ್ತವರಿಗಾಗಿ ಕಾಯುತ್ತ ಖಾಲಿ ಇರುತ್ತದೆಯೇ? ಮೊದಲು ಕೂತವನು ಕಾವಲುಗಾರ ಗೌಸ್‌ಸಾಬ್. ಆಮೇಲೆ ಮನೆಗೆಲಸದ ಗ್ಯಾನಮ್ಮ ತನ್ನ ಜೋಡಿಯವರೊಂದಿಗೆ ಊಟದ ಡಬ್ಬಿ ಬಿಚ್ಚಿದಳು. ತರಕಾರಿಯವಳು ಬುಟ್ಟಿ ಇಳಿಸಿದಳು. ಬರಬರುತ್ತ ಒಳಮನೆಗಳ ಮುದುಕರೂ ಒಬ್ಬೊಬ್ಬರಾಗಿ ಗೇಟು ತೆರೆದು ಬಂದರು. ಸಂಜೆಗೆ ಅಲ್ಲಿ ಹರಟೆಯ ಸದ್ದು ಕೇಳತೊಡಗಿತು. ಶೈಲಜಾ ಕೂಡ ಒಂದೆರಡು ಸಲ ಮೊರದಲ್ಲಿ ಅಕ್ಕಿ ಹಿಡಿದು ಬಂದು ಕೂತಳು, ಯಾರಾದರೂ ಕಾರಿನಲ್ಲಿ ಬಂದರೆ ಮಾತ್ರ ಎದ್ದು ಒಳಗೆ ಓಡುತ್ತಿದ್ದಳು.

ಚನ್ನುವಿಗೆ ಕಟ್ಟೆ ಕಣ್ಣಲ್ಲಿ ಬಿದ್ದ ಕಸವಾಯಿತು. ಬಡಾವಣೆಯ ಎರಡನೇ ಹಂತದ ನಿವೇಶನಗಳನ್ನು ನೋಡಲು ಲಿಂಗಸುಗೂರಿನಿಂದ, ಹಟ್ಟಿಯಿಂದ ಮಂದಿ ಬರುತ್ತಿದ್ದರು. ಹಟ್ಟಿಯ ಚಿನ್ನದ ಗಣಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತನಾದ ಒಬ್ಬ, ಕಾರಿನ ಗಾಜು ಇಳಿಸಿ, ಕಟ್ಟೆಯ ಮೇಲಿನ ಗುಂಪನ್ನು ನೋಡಿ, ಇದು ಹಳ್ಳಿಯೋ ಲೇಔಟೋ ಎಂದು ಕೇಳಿದನಂತೆ. ಅಷ್ಟು ಸಾಕಾಯಿತು. ಬಡಾವಣೆಯ ಬಾಯಿಗೆ ದೊಡ್ಡ ಕಮಾನು ಏಳುತ್ತಿತ್ತು, ಅದರ ಉದ್ಘಾಟನೆಯ ಹೊತ್ತಿಗೆ ಕಟ್ಟೆ ಇರಕೂಡದು ಎಂದು ಸಂಘ ತೀರ್ಮಾನಿಸಿತು. ಜಾಗ ನಿಮ್ಮದೇ ಆದರೂ ಇಜ್ಜತ್ ಎಲ್ಲರದು ಎಂದು ಚನ್ನು ಗೊಬ್ಬರದ ಅಂಗಡಿಗೇ ಹೋಗಿ ಸಂಗನಬಸವನಿಗೆ ಹೇಳಿದ. ಹೇಳುವಾಗ ಹೆಗಲ ಮೇಲೆ ಕೈ ಇಟ್ಟಿದ್ದ. ಸಂಗನಬಸವ ಮೆತ್ತನೆಯ ಮನುಷ್ಯ, ಹೆಗಲ ಮೇಲೆ ಕೈ ಇಟ್ಟವರಿಗೆ ಇಲ್ಲ ಅನ್ನಲು ಅವನಿಗೆ ಬರುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ರೊಟ್ಟಿ ಮುರಿಯುತ್ತ, ಮುಖ ಎತ್ತದೆ, ಕಟ್ಟೆ ತೆಗೆಸಿಬಿಡೋಣ, ಅದರ ಬದಲು ಒಳಗೆ ಉಯ್ಯಾಲೆ ಹಾಕಿಸುತ್ತೇನೆ ಎಂದ. ಶೇಖರಮ್ಮ ಅವನ ತಟ್ಟೆಗೆ ಪಲ್ಯ ಬಡಿಸಿ ಕೂತಳು.

“ನಿಮ್ಮಪ್ಪನ ಧೋತರಕ್ಕ ಗಂಟು ಹಾಕಿದವ ನೀನ,” ಎಂದಳು. “ನಾಳಿ ನನಗೂ ಒಂದು ಗಂಟು ಹಾಕ್ತಿಯೇನಪ್ಪಾ? ಹಾಕ್ತೀನಿ ಅನ್ನು, ಈಗಿಂದೀಗ ಒಡಸ್ತೀನಿ.”

ಸಂಗನಬಸವನ ಕೈ ತಟ್ಟೆಯಲ್ಲೇ ನಿಂತಿತು. ಶೈಲಜಾ ಒಲೆಯ ಕಡೆ ತಿರುಗಿಕೊಂಡಳು. ಮಗ, ನನ್ನ ಮಾತು ಬಿಡು, ಆದರೆ ಸಂಘದವರಿಗೆ ಏನು ಹೇಳಲಿ ಎಂದು ಕೇಳಿದ. ಶೇಖರಮ್ಮ ಅದನ್ನು ತಾನೇ ನೋಡಿಕೊಳ್ಳುವುದಾಗಿ ಹೇಳಿ, ಇಳಕಲ್ಲ ಸೀರೆಯ ಸೆರಗನ್ನು ತಲೆ ತುಂಬ ಹೊದ್ದು, ಚಪ್ಪಲಿ ಮೆಟ್ಟಿ ಹೊರಟಳು.

ಅವಳು ಜಗಳಕ್ಕೆ ಹೋಗಲಿಲ್ಲ. ಬಡಾವಣೆಯಲ್ಲಿದ್ದ ತಮ್ಮ ಮಂದಿಯ ಮನೆ ಮನೆಗೂ ಹೋಗಿ, ಕೊಟ್ಟ ಚಹಾ ಕುಡಿದು, ಮನೆ ಬಹಳ ಚಂದ ಕಟ್ಟಿಸಿದ್ದೀರಿ ಎಂದು ಹೊಗಳಿ, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು. ನಾಳೆ ಈ ಮನೆಯ ಯಜಮಾನರು ಲಿಂಗೈಕ್ಯರಾದರೆ ಅವರನ್ನು ಎಲ್ಲಿ ಕೂಡಿಸುತ್ತೀರಿ?

ಮೊದಲ ಮನೆ ಕಾಲುವೆ ಇಲಾಖೆಯಲ್ಲಿದ್ದ ಎಂಜಿನಿಯರನದು. ಆತ ಇಂಥ ಮಾತು ಆಡಬಹುದೇ ಎಂದು ಸಿಡುಕಿದ. ಸಿಡುಕಿದವನೇ ಕಣ್ಣು ಅತ್ತ ಇತ್ತ ಹೊರಳಿಸಿದ. ಬಾಗಿಲ ಮುಂದೆ ಇಳಿಜಾರು, ಇಳಿಜಾರಿನ ಮೇಲೆ ಕಾರು, ಕಾರಿನ ಪಕ್ಕ ಒಬ್ಬರು ಅಡ್ಡಡ್ಡ ಹೋಗುವಷ್ಟೇ ಜಾಗ. ಎರಡನೇ ಮನೆ ಡಾಕ್ಟರದು. ಡಾಕ್ಟರ ಹೆಂಡತಿ, ಈಗ ತಣ್ಣನೆಯ ಗಾಜಿನ ಪೆಟ್ಟಿಗೆ ಬಾಡಿಗೆಗೆ ಸಿಗುತ್ತದಲ್ಲ ಎಂದು ಜಾಣತನ ತೋರಿಸಿದಳು. ಆ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ, ನಿಮ್ಮ ಯಜಮಾನರನ್ನು ಮಲಗಿಸಿಯೇ ಮಣ್ಣಿಗೆ ಕಳಿಸುತ್ತೀರಾ ಎಂದು ಶೇಖರಮ್ಮ ಕೇಳಿದ ಮೇಲೆ ಅವಳಿಗೆ ಚಹಾದ ಕಪ್ಪು ಎತ್ತಿಡುವ ನೆನಪಾಯಿತು. ಇನ್ನೊಂದು ಮನೆಯಲ್ಲಿ ಗಂಡ ಪಡಸಾಲೆ ಅಂದ, ಹೆಂಡತಿ ಪಡಸಾಲೆಯ ಸೋಫಾ ಬಾಗಿಲಲ್ಲಿ ಹಾಯುವುದಿಲ್ಲ, ಗೋಡೆ ಕಟ್ಟುವ ಮುಂಚೆ ಒಳಗೆ ಇಳಿಸಿದ್ದು ಎಂದು ನೆನಪಿಸಿದಳು. ಇಬ್ಬರಿಗೂ ಅಲ್ಲೇ ಮಾತು ಬೆಳೆಯಿತು. ಅಡುಗೆಗೆ ಆಗ್ನೇಯ, ದೇವರಿಗೆ ಈಶಾನ್ಯ, ನಾಯಿಗೆ ಒಂದು ಗೂಡು, ಕಾರಿಗೆ ಒಂದು ಕೋಣೆ, ಎಲ್ಲಕ್ಕೂ ಜಾಗ ಮಾಡಿದ ಈ ಸಾಹುಕಾರರು ತಮ್ಮನ್ನು ಕೊನೆಗೆ ಕೂಡಿಸುವ ಜಾಗವನ್ನು ಮರೆತೇಬಿಟ್ಟಿದ್ದರು. ಸಾಯುವುದಿಲ್ಲ ಅಂದುಕೊಂಡಿದ್ದರೋ ಏನೋ, ಹಿಲ್ ವ್ಯೂದಲ್ಲಿ ಮನೆ ಮಾಡಿದರೆ ಅದೂ ಆದೀತು ಎಂಬ ನಂಬಿಕೆ ಇದ್ದಿರಬೇಕು.

ಕೊನೆಗೆ ಚನ್ನುವಿನ ಮನೆ. ಬಾಗಿಲಿಗೆ ಕಾರಂಜಿ, ಒಳಗೆ ಲಿಫ್ಟು, ಗೇಟಿನ ಒಳಗೆ ಕರುವಿನಷ್ಟು ಎತ್ತರದ ನಾಯಿ. ಚನ್ನು ಮರ್ಯಾದೆಯಿಂದಲೇ ಒಳಗೆ ಕರೆದ. ಕಟ್ಟೆ ತೆಗೆಸುವ ಮಾತಿಗೆ ಬಂದಿದ್ದಾರೆ ಎಂದುಕೊಂಡು, ಸಂಘದ ಖರ್ಚಿನಲ್ಲೇ ಒಡೆಸಿ ಕೊಡುತ್ತೇನೆ, ನಿಮಗೆ ತ್ರಾಸು ಬೇಡ ಎಂದ. ಶೇಖರಮ್ಮ ಆಗಲಿ ಎಂದಳು.

“ಒಡಸು ತಮ್ಮಾ. ಅದಕ್ಕ ಮೊದಲ ನಿನ್ನ ಮನ್ಯಾಗ ನಿನ್ನ ಎಲ್ಲಿ ಕುಂದ್ರಸ್ತಾರ, ಆ ಜಾಗಾ ಒಂದು ತೋರಸು. ನೋಡಿ ನಾನೂ ಹಂಗ ಮಾಡಿಸ್ಕೋತೀನಿ.”

ಚನ್ನುವಿನ ಮುಖ ಕೆಂಪಾಯಿತು. ಹಗಲುಹೊತ್ತಿನಲ್ಲಿ ಮನೆಗೆ ಬಂದು ಅಪಶಕುನದ ಮಾತು ಆಡುತ್ತೀರಿ, ದೊಡ್ಡವರೆಂದು ಸುಮ್ಮನಿದ್ದೇನೆ ಎಂದು ಏರುದನಿಯಲ್ಲೇ ಅಂದ. ಆ ದನಿಗೆ ಒಳಕೋಣೆಯ ಬಾಗಿಲು ತೆರೆಯಿತು. ಅವನ ತಾಯಿ ಅಮರಮ್ಮ ಕೋಲೂರುತ್ತ ಬಂದಳು. ಹಿಲ್ ವ್ಯೂಗೆ ಬಂದಾಗಿನಿಂದ ಆ ಮುದುಕಿ ಗೇಟು ದಾಟಿರಲಿಲ್ಲ. ಟಿವಿಯ ಮುಂದೆ ಕೂತು ಕೂತು ಅವಳಿಗೆ ಧಾರಾವಾಹಿಯ ಸೊಸೆಯರ ಹೆಸರು ಬರುತ್ತಿದ್ದವು, ಪಕ್ಕದ ಮನೆಯವರ ಹೆಸರು ಬರುತ್ತಿರಲಿಲ್ಲ. ಅವಳು ಶೇಖರಮ್ಮನನ್ನು ಮೇಲಿಂದ ಕೆಳಗೆ ನೋಡಿ, ಏನು ಕೇಳಿದೆ, ಇನ್ನೊಮ್ಮೆ ಕೇಳು ಎಂದಳು. ಶೇಖರಮ್ಮ ಕೇಳಿದಳು.

ಅಮರಮ್ಮ ಸಿಟ್ಟಾಗಲಿಲ್ಲ. ಕೋಲಿನ ಮೇಲೆ ಭಾರ ಹಾಕಿ ನಿಂತು, ಪಡಸಾಲೆಯನ್ನು ಸುತ್ತಲೂ ನೋಡಿದಳು. ಬಾಗಿಲಿಗೆ ಹೋಗಿ ಕಾರಂಜಿಯನ್ನು ನೋಡಿದಳು, ಎರಡು ಕಾರುಗಳನ್ನು ನೋಡಿದಳು, ನಾಯಿಯನ್ನು ನೋಡಿದಳು. ನೋಡಿ ಮುಗಿಸಿ ಮಗನ ಕಡೆ ತಿರುಗಿದಳು.

“ಖರೆ ಐತಲ್ಲೋ ಚನ್ನು. ನನ್ನ ಎಲ್ಲಿ ಕುಂದ್ರಸ್ತಿ?”

ಚನ್ನು ಕಾರು ತೆಗೆಸುತ್ತೇನೆ ಎಂದ. ಅಲ್ಲಿ ನೆಲ ಇಳಿಜಾರಾಗಿದೆ, ನಾನು ಉರುಳಿ ಗೇಟಿಗೆ ಹೋಗುತ್ತೇನೆ ಎಂದಳು ತಾಯಿ. ಕಾರಂಜಿ ಬಂದ್ ಮಾಡಿಸುತ್ತೇನೆ ಎಂದ. ಅದರ ಹಿಂದೆ ಒರಗಲು ಗೋಡೆಯೇ ಇಲ್ಲ, ಗಾಜು ಇದೆ ಎಂದಳು. ಪಡಸಾಲೆ ಅನ್ನಲು ಅವನು ಬಾಯಿ ತೆರೆಯುವ ಮುಂಚೆ, ಈ ನಾಯಿಗೆ ಹೆದರಿ ಜೀವಂತ ಇದ್ದಾಗಲೇ ಯಾರೂ ನನ್ನನ್ನು ನೋಡಲು ಬರಲಿಲ್ಲ, ಸತ್ತ ಮೇಲೆ ಒಳಗೆ ಬರುತ್ತಾರಾ ಎಂದಳು. ಚನ್ನು ನಿಂತವನು ಸೋಫಾದ ತುದಿಗೆ ಕೂತ. ಅಮರಮ್ಮ ಸೊಸೆಯನ್ನು ಕರೆದು ತನ್ನ ಚಪ್ಪಲಿ ಎಲ್ಲಿವೆ ಎಂದು ಕೇಳಿದಳು. ಬಹಳ ದಿನ ಹಾಕದೇ ಇದ್ದುದರಿಂದ ಅವನ್ನು ಹುಡುಕುವುದೇ ಕಷ್ಟವಾಯಿತು.

ಮರುದಿನ ಬೆಳಿಗ್ಗೆ, ನಿವೇಶನ ನೋಡಲು ಲಿಂಗಸುಗೂರಿನ ಮಂದಿಯನ್ನು ಚನ್ನು ತಾನೇ ಕರೆದುಕೊಂಡು ಬರುತ್ತಿದ್ದಾಗ, ಅವನ ತಾಯಿ ಶೇಖರಮ್ಮನ ಕಟ್ಟೆಯ ಮೇಲೆ ಪದ್ಮಾಸನ ಹಾಕಿ, ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೂತಿದ್ದಳು. ಗ್ಯಾನಮ್ಮ ಹೌಹಾರಿ ನಿಂತಿದ್ದಳು. ಚನ್ನು ಜೊತೆಯವರನ್ನು ಬಿಟ್ಟು ಓಡಿ ಬಂದ. ಹೆಜ್ಜೆ ಸದ್ದಿಗೆ ಅಮರಮ್ಮ ಕಣ್ಣು ತೆರೆದಳು.

“ನೋಡಾಕತ್ತೀನಪ್ಪಾ, ಬರೋಬರಿ ಆಕ್ಕತೇನಂತ. ಆತು. ನನ್ನ ಇಲ್ಲೇ ಕುಂದ್ರಸು.” ಆಮೇಲೆ ಲಿಂಗಸುಗೂರಿನವರ ಕಡೆ ತಿರುಗಿ, ನೀವು ಯಾರ ಪೈಕಿ, ಬರ್ರಿ ಕೂಡ್ರಿ ಎಂದು ಪಕ್ಕದ ಜಾಗ ತಟ್ಟಿದಳು.

ಬಂದವರಲ್ಲಿ ಒಬ್ಬ ಮುದುಕ ಇದ್ದ. ಅವನು ಜೊತೆಗೆ ಬಂದಿದ್ದ ತನ್ನ ಮಕ್ಕಳ ಮುಖ ನೋಡಲಿಲ್ಲ, ನೇರವಾಗಿ ಹೋಗಿ ಕಟ್ಟೆಯ ಮೇಲೆ ಕೂತ. ಅಮರಮ್ಮನ ತವರಿನ ಕಡೆಯ ನೆಂಟಸ್ತಿಕೆ ಒಂದು ಅಲ್ಲೇ ಬಿಚ್ಚಿಕೊಂಡಿತು. ಚನ್ನು ಬಿಸಿಲಲ್ಲಿ ನಿಂತುಕೊಂಡು ಅದನ್ನು ಕೇಳಬೇಕಾಯಿತು.

ಕಟ್ಟೆ ಒಡೆಯುವ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಆದರೆ ಬಿಟ್ಟೆವು ಎಂದೂ ಹೇಳಲಿಲ್ಲ. ಶೇಖರಮ್ಮ ನಂಬಲಿಲ್ಲ. ಕಮಾನಿನ ಉದ್ಘಾಟನೆಯ ದಿನ ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಹಚ್ಚಿ, ಒಡೆಯುವವರು ಬಂದರೆ ಮೊದಲು ತನ್ನನ್ನು ಎಬ್ಬಿಸಲಿ ಎಂದು ಕಟ್ಟೆಯ ಮೇಲೆ ಹೋಗಿ ಕೂತಳು. ಸಂಗನಬಸವ ಅಂಗಡಿಗೆ ಹೋಗಲಿಲ್ಲ. ಬಂದು ಅವ್ವನ ಪಕ್ಕ ಕೂತ. ಕಾರುಗಳು ಹಾದು ಹೋಗುತ್ತಿದ್ದರೂ ಶೈಲಜಾ ಮೂವರಿಗೂ ಚಹಾ ತಂದು ಅಲ್ಲೇ ಕೂತಳು.

ಅಷ್ಟರಲ್ಲಿ ಚನ್ನು ಬಂದ. ಜರಿಯ ಅಂಚಿನ ಹೊಸ ಧೋತರ ಉಟ್ಟಿದ್ದ, ಜೊತೆಗೆ ಗವಂಡಿ ರಾಜೇಸಾಬ್ ಇದ್ದ, ರಾಜೇಸಾಬನ ಕೈಯಲ್ಲಿ ಚೀಲವಿತ್ತು. ಶೇಖರಮ್ಮ ಚೀಲವನ್ನೇ ನೋಡಿದಳು. ರಾಜೇಸಾಬ್ ಚೀಲದಿಂದ ಅಳತೆಯ ಪಟ್ಟಿ ತೆಗೆದ.

“ಶೇಖರಮ್ಮಾರ, ನಿಮ್ಮ ಕಟ್ಟಿ ಅಳತಿ ಬೇಕಾಗಿತ್ರಿ,” ಎಂದ ಚನ್ನು. “ಕಾರಂಜಿ ತಗಸಾಕತ್ತೀನಿ.”

ಶೇಖರಮ್ಮ ಸರಿದು ಜಾಗ ಮಾಡಿದಳು. ಪಟ್ಟಿ ಹಿಡಿದರೆ ಗೊತ್ತಾಗುವುದಿಲ್ಲ, ಹತ್ತಿ ಕೂತು ನೋಡು ಎಂದಳು. ಚನ್ನು ಕಮಾನಿನ ಕಡೆ ನೋಡಿದ, ಅಲ್ಲಿ ಮಂದಿ ಸೇರುತ್ತಿದ್ದರು, ಎಲ್ಲರಿಗೂ ಕಾಣುವಂತಿತ್ತು. ನಾಚಿಕೊಂಡೇ ಚಪ್ಪಲಿ ಬಿಟ್ಟು ಹತ್ತಿದ. ಹೊಟ್ಟೆ ಅಡ್ಡ ಬಂದರೂ ಕಾಲು ಮಡಚಿದ, ಬೆನ್ನು ಗೋಡೆಗೆ ಕೊಟ್ಟ. ಬೇವಿನ ನೆರಳು ಮುಖದ ಮೇಲೆ ಬಿತ್ತು. ಸಭೆಗಳಲ್ಲಿ ಒಂದು ಕ್ಷಣ ಸುಮ್ಮನಿರದ ಆ ಮನುಷ್ಯ ಅಲ್ಲಿ ಸುಮ್ಮನೆ ಕೂತ.

ಶೇಖರಮ್ಮ ಎದ್ದು ಅವನ ಪಕ್ಕಕ್ಕೆ ಬಂದು, ಅವನ ತಲೆಗೂ ಗೋಡೆಗೂ ನಡುವೆ ಅಂಗೈ ತೂರಿಸಿ ನೋಡಿದಳು. ಗಂಡನ ತಲೆ ಹಿಡಿದುಕೊಂಡು ನಿಂತದ್ದೂ ಅದೇ ಕೈ. ಸಂಗನಬಸವ ಅದನ್ನು ನೋಡಿ ಮುಖ ಆಚೆ ತಿರುಗಿಸಿಕೊಂಡ. ಅವಳು ಕೈ ಮೆಲ್ಲಗೆ ಹೊರಗೆ ಎಳೆದಳು, ಚನ್ನುವಿನ ತಲೆ ಗೋಡೆಗೆ ತಾಗಿ ನಿಂತಿತು.

“ಹಿಂಗ ಇರಬೇಕು,” ಎಂದು ಅವಳು ರಾಜೇಸಾಬನಿಗೆ ಹೇಳಿದಳು. “ತಲಿ ತಾನ ನಿಂದ್ರಬೇಕು. ಹಿಂದ ಯಾರೂ ಹಿಡಕೊಂಡು ನಿಂದ್ರಬಾರದು.”

ರಾಜೇಸಾಬ್ ಪಟ್ಟಿ ಬಿಚ್ಚಿ ಅಳೆಯತೊಡಗಿದ.